ತೂಕ ಇಳಿಸುವ ಆಪರೇಷನ್ ಆದ ಮೇಲೆ ವಾಂತಿ ನಿಲ್ಲುತ್ತಿಲ್ವಾ? ಫೋನಿನಲ್ಲಿ ಸಮಾಧಾನ ಹೇಳುವವರನ್ನು ನಂಬಿ ಕೂರಬೇಡಿ

ಆಸ್ಪತ್ರೆ ಹೆಸರು ಬರೆಯುವುದಿಲ್ಲ. ದೂರು ಕೊಟ್ಟಿದ್ದೇವೆ, ವಿಚಾರಣೆ ಬಾಕಿ ಇದೆ, ಅಲ್ಲಿಯವರೆಗೆ ಹೆಸರು ಎತ್ತಬೇಡಿ ಅಂತ ವಕೀಲರು ಹೇಳಿದ್ದಾರೆ. ಬೆಂಗಳೂರಿನದು ಅಂತ ಮಾತ್ರ ಹೇಳುತ್ತೇನೆ. ಆಗಿದ್ದನ್ನು ಬರೆಯದೆ ಇರೋಕೆ ಆಗುತ್ತಿಲ್ಲ. ಇವತ್ತೂ ಯಾರದೋ ಮನೆಯಲ್ಲಿ ಒಬ್ಬರು ಬಕೆಟ್ ಮುಂದೆ ಕೂತು ವಾಂತಿ ಮಾಡುತ್ತಿರುತ್ತಾರೆ, ಫೋನಿನ ಆ ಕಡೆಯಿಂದ ಒಬ್ಬರು "ಸಿಪ್ ಸಿಪ್ ಆಗಿ ಕುಡಿಸಿ ಸರ್, ಬಾಡಿ ಅಡ್ಜಸ್ಟ್ ಆಗ್ತಿದೆ" ಅನ್ನುತ್ತಿರುತ್ತಾರೆ. ನಮಗೂ ಅದನ್ನೇ ಹೇಳಿದ್ದರು. ದಿನಾ ಹೇಳಿದ್ದರು.

ಆಪರೇಷನ್ ಆಗಿದ್ದು ನನ್ನ ಅಕ್ಕನಿಗೆ. ಹೈಸ್ಕೂಲ್ ಟೀಚರ್, ಹಾಸನದಲ್ಲಿ ಮನೆ. ಚೆಂದ ಕಾಣೋಕೆ ಮಾಡಿಸಿಕೊಂಡಿದ್ದಲ್ಲ. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ 41 ಇತ್ತು, ಶುಗರ್ ಮಾತ್ರೆಗೂ ಬಗ್ಗುತ್ತಿರಲಿಲ್ಲ, ರಾತ್ರಿ ಗೊರಕೆ ಮಧ್ಯೆ ಉಸಿರು ನಿಂತು ನಿಂತು ಬರುತ್ತಿತ್ತು. ಇಷ್ಟಿದ್ದರೆ ವಿಮೆಯವರೂ ಈ ಆಪರೇಷನ್ನಿಗೆ ದುಡ್ಡು ಕೊಡುತ್ತಾರೆ, ನಮಗೂ ಕೊಟ್ಟರು. 2022ರಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಲು ಹೋಗಿ ತೀರಿಕೊಂಡರಲ್ಲ, ಎಲ್ಲರೂ ಅದನ್ನೇ ಎತ್ತುತ್ತಾರೆ. ಅದು ಬೇರೆ, ಇದು ಬೇರೆ. ಇದರಲ್ಲಿ ಹೊಟ್ಟೆಯ ಚೀಲವನ್ನೇ ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಹಾಕುತ್ತಾರೆ. ಉಳಿಯುವುದು ಬಾಳೆಕಾಯಿ ಅಗಲದ ಒಂದು ಕೊಳವೆ. ಸ್ಲೀವ್ ಅನ್ನುತ್ತಾರೆ. ಆಪರೇಷನ್ ಬಗ್ಗೆ ನನಗೆ ತಕರಾರಿಲ್ಲ, ಅಕ್ಕನಿಗೆ ಅದು ಬೇಕಾಗಿತ್ತು. ಆದ ಮೇಲೆ ಅವರು ನಡೆದುಕೊಂಡ ರೀತಿಗೆ ನನ್ನ ಹೊಟ್ಟೆ ಉರಿಯುತ್ತಿದೆ.

ಮುಂಚೆ ಎಷ್ಟು ಸಿಹಿ ಮಾತು ಗೊತ್ತಾ. ಫ್ರೀ ಕ್ಯಾಂಪ್, ಹೋಟೆಲ್ ಹಾಲು, ಕಾಫಿ ಬಿಸ್ಕೆಟ್, ಪರದೆ ಮೇಲೆ ಆಗ-ಈಗ ಫೋಟೋಗಳು. ಆಮೇಲೆ ಒಬ್ಬರು ಕೋ-ಆರ್ಡಿನೇಟರ್ ಹುಡುಗಿ ನಮ್ಮ ಹಿಂದೆ ಬಿದ್ದಳು. ಬೆಳಗ್ಗೆ ಗುಡ್ ಮಾರ್ನಿಂಗ್ ಮೆಸೇಜ್, ಸಂಜೆ "ಏನು ಡಿಸೈಡ್ ಮಾಡಿದ್ರಿ ಸರ್". "ಲೈಫ್‌ಲಾಂಗ್ ಫಾಲೋಅಪ್ ನಮ್ಮ ಜವಾಬ್ದಾರಿ, ಮಧ್ಯರಾತ್ರಿ ಕರೆದ್ರೂ ನಾವಿದ್ದೀವಿ" ಅಂದಳು. ಸರ್ಜನ್ ಮುಖ ನೋಡಿದ್ದು ಒಂದೆರಡು ಸಲ. ಪ್ರೋಟೀನ್ ಪುಡಿಯೂ ಅವರ ಕೌಂಟರಿನಲ್ಲೇ ತಗೋಬೇಕು, ಹೊರಗಿನದು "ಸೂಟ್ ಆಗಲ್ಲ" ಅಂತೆ. ಡಿಸ್ಚಾರ್ಜ್ ದಿನ ಬಿಲ್ ಕೌಂಟರ್ ಪಕ್ಕದಲ್ಲೇ ಅಕ್ಕನ ಕೈಯಲ್ಲಿ ಹೂಗುಚ್ಛ ಹಿಡಿಸಿ ವಿಡಿಯೋ ಮಾಡಿಸಿಕೊಂಡರು. "ಎರಡು ಮಾತು ಹೇಳಿ ಮೇಡಂ." ಪಾಪ, ಸಂಕೋಚದವಳು, ಹೇಳಿದಳು. ಆ ವಿಡಿಯೋ ಕಥೆ ಆಮೇಲೆ ಇದೆ.

ನೀರು, ಮಜ್ಜಿಗೆ, ತಿಳಿಸಾರು ಇರುವವರೆಗೂ ಪರವಾಗಿಲ್ಲ ಅನ್ನೋ ಹಾಗಿತ್ತು. ಗಂಜಿಗೆ ಬಂದಾಗ ವಾಂತಿ ಶುರುವಾಯಿತು. ಎರಡು ಚಮಚ ಒಳಗೆ ಹೋದರೆ ಐದು ನಿಮಿಷದಲ್ಲಿ ವಾಪಸ್. ಆಮೇಲೆ ಅಂಬಲಿ ನಿಲ್ಲಲಿಲ್ಲ. ಆಮೇಲೆ ಎಳನೀರೂ ನಿಲ್ಲಲಿಲ್ಲ. ಕೊನೆಗೆ ತನ್ನ ಎಂಜಲು ನುಂಗಿದರೂ ಎದೆ ಹತ್ತಿರ ಸಿಕ್ಕಿಕೊಂಡ ಹಾಗೆ ಆಗುತ್ತದೆ ಅಂತ ಒಂದು ಟವೆಲ್ ಇಟ್ಟುಕೊಂಡು ಅದಕ್ಕೆ ಉಗಿಯುತ್ತಾ ಕೂತಿರುತ್ತಿದ್ದಳು.

ಇದನ್ನೆಲ್ಲ ನಾವು ಬರೆದು ಕಳಿಸುತ್ತಲೇ ಇದ್ದೆವು. ಉತ್ತರಗಳನ್ನು ನೋಡಿ, ವಾಟ್ಸಾಪಿನಿಂದ ಇದ್ದ ಹಾಗೇ ತೆಗೆದು ಹಾಕುತ್ತಿದ್ದೇನೆ. "ಇನಿಷಿಯಲ್ ಆಗಿ ಎಲ್ಲರಿಗೂ ಆಗುತ್ತೆ ಸರ್." "ಗ್ಯಾಸ್ಟ್ರಿಕ್ ಆಗಿರುತ್ತೆ, ಪ್ಯಾನ್ ಡಿ ಕಂಟಿನ್ಯೂ ಮಾಡಿ." "ಎಮ್‌ಸೆಟ್ ಕೊಡಿ ಸರ್." (ಅದು ವಾಂತಿ ನಿಲ್ಲಿಸುವ ಮಾತ್ರೆ.) "ಡಾಕ್ಟರ್ ಓಟಿಯಲ್ಲಿ ಇದ್ದಾರೆ, ಇನ್ಫಾರ್ಮ್ ಮಾಡ್ತೀನಿ." ಒಂದು ದಿನ ಬರೀ ಕೈ ಮುಗಿಯುವ ಚಿತ್ರ. ಇನ್ನೊಂದು ದಿನ, ನಾನು ನಾಲ್ಕು ಸಾಲು ಬರೆದಿದ್ದಕ್ಕೆ ಹೆಬ್ಬೆರಳು. ನೀರು ನಿಲ್ಲುತ್ತಿಲ್ಲ ಅಂತ ಬರೆದರೆ ಹೆಬ್ಬೆರಳು!

ಒಂದು ಸಂಜೆ ಡಯಟಿಷಿಯನ್ ಅನ್ನೋರೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದೆ, ಅಕ್ಕ ಪಕ್ಕದಲ್ಲೇ ದಿವಾನದ ಮೇಲೆ ಒರಗಿದ್ದಳು. ಎಲ್ಲ ಕೇಳಿಸಿಕೊಂಡು ಆಯಮ್ಮ ದನಿ ತಗ್ಗಿಸಿ ಕೇಳಿದ್ದು ಇದು: "ಸರ್, ತಪ್ಪು ತಿಳ್ಕೋಬೇಡಿ. ಮೇಡಂ ಕದ್ದು ಏನಾದ್ರೂ ತಿಂತಿದ್ದಾರಾ? ಸುಮಾರು ಪೇಷೆಂಟ್ಸ್ ಹಾಗೇ ಮಾಡ್ತಾರೆ, ನಾಲಿಗೆ ಕಂಟ್ರೋಲ್ ಇರಲ್ಲ." ಅಕ್ಕ ಏನೂ ಮಾತಾಡಲಿಲ್ಲ. ಗೋಡೆ ಕಡೆ ತಿರುಗಿಕೊಂಡಳು. ಐವತ್ತರ ಹತ್ತಿರದ ಹೆಂಗಸು, ಊರಿನ ಅರ್ಧ ಮಕ್ಕಳಿಗೆ ಪಾಠ ಹೇಳಿದವಳು, ಅವಳನ್ನು ಕಳ್ಳತನದಲ್ಲಿ ತಿನ್ನುವವಳು ಅಂದರು. ನೀರು ಇಳಿಯದವಳು ಕದ್ದು ಏನು ತಿಂತಾಳೆ ಸ್ವಾಮಿ? ಇವರಿಗೆ ನಾವು ಪೇಷೆಂಟ್ ಅಲ್ಲ, ದುಡ್ಡು ಬಂದು ಮುಗಿದ ಫೈಲು ಅಂತ ನನಗೆ ಅರ್ಥವಾಗಿದ್ದು ಆ ಕ್ಷಣ. ನೆಂಟರಿಗೆ ಹರ್ನಿಯಾ ಆಪರೇಷನ್ ಅಂತ ಹೇಳಿದ್ದೆವು ಬೇರೆ. ಹಾಗಾಗಿ ಯಾರ ಹತ್ತಿರವೂ ಬಾಯಿ ಬಿಡುವ ಹಾಗಿರಲಿಲ್ಲ. ಅದೂ ಒಂದು ಹಿಂಸೆ.

ಭಾವ ಹಠ ಮಾಡಿ ಬೆಂಗಳೂರಿಗೆ ಕರೆದುಕೊಂಡು ಹೋದರು, ನಾನೂ ಹೋದೆ. ಸರ್ಜನ್ ಕಾನ್ಫರೆನ್ಸಿಗೆ ಹೋಗಿದ್ದರು. ಡ್ಯೂಟಿ ಡಾಕ್ಟರ್ ನಾಡಿ ನೋಡಿ, "ಡಿಹೈಡ್ರೇಷನ್ ಅಷ್ಟೇ" ಅಂತ ಗ್ಲೂಕೋಸ್ ಇರುವ ಡ್ರಿಪ್ ಏರಿಸಿದರು. ಒಂದಾದ ಮೇಲೆ ಒಂದು ಬಾಟಲಿ. ಎಂಡೋಸ್ಕೋಪಿ ಬೇಡ್ವಾ ಅಂತ ಕೇಳಿದೆ. "ಸರ್ ಬಂದ ಮೇಲೆ ಡಿಸೈಡ್ ಮಾಡ್ತಾರೆ." ಹೋಗಲಿ, ವಿಟಮಿನ್ ಏನಾದರೂ? "ಮಲ್ಟಿವಿಟಮಿನ್ ಮಾತ್ರೆ ಕೊಟ್ಟಿದೀವಲ್ಲ, ಅದೇ ತಗೊಳ್ಳಿ." ನುಂಗಿದ ಮಾತ್ರೆ ವಾಂತಿಯಲ್ಲಿ ಇಡಿಯಾಗಿ ಬರುತ್ತಿದೆ ಅಂತ ಅರ್ಧ ಗಂಟೆ ಹಿಂದೆ ತಾನೇ ಹೇಳಿದ್ದೆ! ಸಂಜೆ ಮನೆಗೆ ಕಳಿಸಿದರು. ಡ್ರಿಪ್ಪಿಗೆ ಬೇರೆ ಬಿಲ್.

ವಾಪಸ್ ಬರುವಾಗ ಚನ್ನರಾಯಪಟ್ಟಣ ದಾಟುತ್ತಿದ್ದೆವು. ಅಕ್ಕ ಮುಂದಿನ ಸೀಟಿನಿಂದ "ಆ ಎರಡು ಲಾರಿ ಯಾಕೆ ಅಂಟಿಕೊಂಡು ಹೋಗ್ತಿವೆ" ಅಂದಳು. ಮುಂದೆ ಇದ್ದದ್ದು ಒಂದೇ ಲಾರಿ. ಒಂದು ಕಣ್ಣು ಮುಚ್ಚಿದರೆ ಸರಿ ಕಾಣುತ್ತೆ ಅಂದಳು. ಮಾರನೇ ದಿನ ಬಚ್ಚಲಿಗೆ ಹೋಗುವಾಗ ಕಾಲು ಅಗಲ ಇಟ್ಟುಕೊಂಡು ಕುಡಿದವರ ಹಾಗೆ ತೂರಾಡಿ ಬಿದ್ದಳು. ಬೆಳಗ್ಗೆ ಎರಡು ಇಡ್ಲಿ ತಿಂದೆ, ಚೆನ್ನಾಗಿತ್ತು ಅಂತ ಭಾವನಿಗೆ ಹೇಳಿದಳು. ಮನೆಯಲ್ಲಿ ಇಡ್ಲಿ ಮಾಡೇ ಇರಲಿಲ್ಲ. ನಡುಗುವ ಕೈಯಲ್ಲಿ ಆ ಕೋ-ಆರ್ಡಿನೇಟರ್ ಹುಡುಗಿಗೆ ಫೋನ್ ಮಾಡಿದೆ. "ವೀಕ್ನೆಸ್ ಸರ್. ಪ್ರೋಟೀನ್ ಎರಡು ಸ್ಕೂಪ್ ಹಾಕಿ."

ಹಾಸನದಲ್ಲೇ ಒಬ್ಬ ಹಿರಿಯ ಫಿಜಿಶಿಯನ್ ಹತ್ತಿರ ಓಡಿದೆವು. ಹಳೇ ಕಾಲದ ಡಾಕ್ಟರು, ಟೇಬಲ್ ಮೇಲೆ ಕಂಪ್ಯೂಟರೂ ಇಲ್ಲ. ಅಕ್ಕನ ಮುಂದೆ ಒಂದು ಬೆರಳು ಹಿಡಿದು "ತಲೆ ಆಡಿಸಬೇಡಮ್ಮಾ, ಕಣ್ಣಲ್ಲಿ ಮಾತ್ರ ನೋಡು" ಅಂತ ಆ ಕಡೆ ಈ ಕಡೆ ಸರಿಸಿದರು. ಬೆರಳು ಪಕ್ಕಕ್ಕೆ ಹೋದಾಗ ಕಣ್ಣುಗುಡ್ಡೆ ಅಲ್ಲಿ ನಿಲ್ಲುತ್ತಲೇ ಇಲ್ಲ, ಸಣ್ಣಗೆ ಪಟಪಟ ಅಂತ ಅದುರುತ್ತಿದೆ. ನಮಗೇ ಕಾಣಿಸಿತು. ಅವರು ಕೇಳಿದ್ದು ಎರಡೇ. "ಎಷ್ಟು ವಾರದಿಂದ ವಾಂತಿ? ಬಿ1 ಇಂಜೆಕ್ಷನ್ ಯಾರಾದ್ರೂ ಕೊಟ್ರೇನಪ್ಪಾ?" ಯಾರೂ ಕೊಟ್ಟಿರಲಿಲ್ಲ. ಹೆಸರೇ ಎತ್ತಿರಲಿಲ್ಲ.

ವರ್ನಿಕೆ ಅಂತ ಕಾಯಿಲೆ. ಥಯಾಮಿನ್, ಅಂದರೆ ಬಿ1 ವಿಟಮಿನ್, ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ದಾಸ್ತಾನು ಇರುತ್ತದಂತೆ. ತಿಂದದ್ದು ನಿಲ್ಲದೆ ದಿನಾ ವಾಂತಿಯಾದರೆ ಅದು ಖಾಲಿ. ಖಾಲಿಯಾದರೆ ಮಿದುಳಿಗೆ ಪೆಟ್ಟು. ಕಣ್ಣಿಗೆ ಎರಡೆರಡು ಕಾಣುವುದು, ನಡಿಗೆ ತಪ್ಪುವುದು, ತಲೆ ಗೊಂದಲವಾಗಿ ಮರೆಯುವುದು ಎಲ್ಲ ಅದರಿಂದಲೇ. ಮೂರೂ ಒಟ್ಟಿಗೆ ಬರಬೇಕು ಅಂತಿಲ್ಲ, ಒಂದು ಬಂದರೂ ಸಾಕು. ಈಗ ಕೇಳಿ. ಸಕ್ಕರೆ ಅರಗಿಸೋಕೆ ಮೈಗೆ ಬಿ1 ಬೇಕು. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಖರ್ಚಾಗಿ ಕಾಯಿಲೆ ಕೆರಳಬಹುದು. ಬೆಂಗಳೂರಿನಲ್ಲಿ ಬಾಟಲಿ ಮೇಲೆ ಬಾಟಲಿ ಏರಿಸಿದ್ದು ಅದನ್ನೇ. ಬೊಜ್ಜಿನ ಆಪರೇಷನ್ ಮಾಡುವವರಿಗೆ ಇದು ಗೊತ್ತಿರಲೇಬೇಕಾದ ವಿಷಯ ಅಲ್ವಾ? ಊರಿನ ಫಿಜಿಶಿಯನ್ನಿಗೆ ಗೊತ್ತಿತ್ತು.

ಅವರು ಎಂಆರ್‌ಐ ಬರಲಿ ಅಂತ ಕಾಯಲಿಲ್ಲ. ಸ್ಕ್ಯಾನ್ ಸರಿಯಾಗಿ ಬಂದರೂ ಈ ಕಾಯಿಲೆ ಇರಬಹುದು, ಕಾಯುವುದರಲ್ಲೇ ಹೊತ್ತು ಹೋಗುತ್ತದೆ ಅಂದು ಆಗಲೇ ನರಕ್ಕೆ ಥಯಾಮಿನ್ ಶುರು ಮಾಡಿಸಿದರು, ದಿನಕ್ಕೆ ಮೂರು ಸಲ. ಕಣ್ಣು ಬೇಗ ಸರಿಹೋಯಿತು. ನಡಿಗೆ ಇನ್ನೂ ಪೂರ್ತಿ ಬಂದಿಲ್ಲ. ಅಕ್ಕ ಈಗಲೂ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾಳೆ. ಬೋರ್ಡ್ ಮೇಲೆ ಬರೆಯುತ್ತಾ ತಿರುಗಿದರೆ ಎಲ್ಲಿ ಬೀಳುತ್ತೇನೋ ಅಂತ ಇನ್ನೂ ರಜದಲ್ಲೇ ಇದ್ದಾಳೆ.

ವಾಂತಿಗೆ ಕಾರಣ ಬೇರೆ ಆಸ್ಪತ್ರೆಯ ಗ್ಯಾಸ್ಟ್ರೋ ಡಾಕ್ಟರ್ ಎಂಡೋಸ್ಕೋಪಿ ಮಾಡಿದಾಗ ಸಿಕ್ಕಿತು. ಕತ್ತರಿಸಿ ಉಳಿಸಿದ ಹೊಟ್ಟೆಯ ಕೊಳವೆ ಮಧ್ಯದ ತಿರುವಿನಲ್ಲಿ ಕಿರಿದಾಗಿ ಮಡಚಿಕೊಂಡಿತ್ತು. ಸ್ಲೀವ್ ಆದವರಿಗೆ ಅಡ್ಡಿಯಾಗುವುದು ಸಾಮಾನ್ಯವಾಗಿ ಅದೇ ಜಾಗದಲ್ಲಂತೆ. ಬಲೂನ್ ಹಾಕಿ ಹಿಗ್ಗಿಸಿದರು. ಒಂದೇ ಸಲಕ್ಕೆ ಆಗಲಿಲ್ಲ, ಮತ್ತೆ ಮಾಡಬೇಕಾಯಿತು, ಆದರೆ ಮೊದಲ ಸಲವೇ ಅಕ್ಕ ಅರ್ಧ ಲೋಟ ಮಜ್ಜಿಗೆ ಕುಡಿದು ಅರಗಿಸಿಕೊಂಡಳು. ಭಾವ ಅತ್ತುಬಿಟ್ಟರು.

ಇಷ್ಟಾದ ಮೇಲೆ ಮೊದಲ ಆಸ್ಪತ್ರೆಯವರ ಮಾತು ಏನು? "ಬೇರೆ ಕಡೆ ಟ್ರೀಟ್ಮೆಂಟ್ ತಗೊಂಡ್ರೆ ನಮ್ಮ ಜವಾಬ್ದಾರಿ ಇರಲ್ಲ ಸರ್." ಲೈಫ್‌ಲಾಂಗ್ ಫಾಲೋಅಪ್ ಎಲ್ಲಿ ಹೋಯಿತು ಅಂದೆ. "ಅದು ಡಯಟ್ ಕೌನ್ಸೆಲಿಂಗ್ ಸರ್. ಕಾಂಪ್ಲಿಕೇಷನ್ ಪ್ಯಾಕೇಜಲ್ಲಿ ಬರಲ್ಲ." ಕಾಂಪ್ಲಿಕೇಷನ್ ಅಂತ ಒಪ್ಪಿಕೊಂಡ್ರಲ್ಲ ಹಾಗಾದರೆ ಅಂದಿದ್ದಕ್ಕೆ ಲೈನ್ ಕಟ್.

ವಿಡಿಯೋ ಅಂದೆನಲ್ಲ. ಅಕ್ಕ ಐಸಿಯು ಹೊರಗೆ ಬಂದ ಹೊಸದರಲ್ಲಿ ಅವಳ ಶಾಲೆಯ ಇನ್ನೊಬ್ಬ ಟೀಚರ್ ಭಾವನಿಗೆ ಕಳಿಸಿದರು. ಹೂಗುಚ್ಛ ಹಿಡಿದ ಅಕ್ಕ, ಹಿಂದೆ ಮ್ಯೂಸಿಕ್ಕು, ಕೆಳಗೆ "ಹೊಸ ಬದುಕು". ಹರ್ನಿಯಾ ಕಥೆಯೂ ಅಲ್ಲಿಗೆ ಬಯಲು. ತೆಗೀರಿ ಅಂತ ಕೇಳಿದರೆ "ಕನ್ಸೆಂಟ್ ಫಾರ್ಮಿಗೆ ಮೇಡಂ ಸೈನ್ ಮಾಡಿದಾರಲ್ಲ ಸರ್" ಅಂದರು. ಡಿಸ್ಚಾರ್ಜ್ ದಿನ ಕೊಟ್ಟ ಕಾಗದದ ಕಂತೆಯ ಮಧ್ಯೆ ಅದನ್ನೂ ಸೇರಿಸಿದ್ದರು. ವಕೀಲರ ನೋಟಿಸ್ ಹೋದ ಮೇಲೆ ತೆಗೆದರು.

ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಇಷ್ಟು ಕೇಳಿಸಿಕೊಳ್ಳಿ. ನೀರು ಒಂದೆರಡು ದಿನ ನಿಲ್ಲದಿದ್ದರೆ ವಾಟ್ಸಾಪ್ ಬಿಟ್ಟು ಡಾಕ್ಟರ್ ಇರುವ ಕಡೆ ಹೋಗಿ, ಯಾರೇ ಡ್ರಿಪ್ ಏರಿಸಲು ಬಂದರೂ "ಮೊದಲು ಥಯಾಮಿನ್ ಕೊಡಿ" ಅಂತ ಬಾಯಿಬಿಟ್ಟು ಕೇಳಿ, ಬೈದರೆ ಬೈಯಲಿ. ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇ ಯಾವಾಗ ಅಂತ ಬಿಡದೆ ಕೇಳಿ. ಮೊದಲ ವಾರಗಳಲ್ಲಿ ಜ್ವರ, ಉಸಿರು ಕಟ್ಟುವುದು, ಎಡ ಭುಜದಲ್ಲಿ ನೋವು ಬಂದರೆ, ನಾಡಿ 120 ದಾಟಿ ಓಡುತ್ತಿದ್ದರೆ ಅದನ್ನು ಗ್ಯಾಸ್ಟ್ರಿಕ್ ಅನ್ನುವವರನ್ನು ನಂಬಬೇಡಿ. ಹೊಲಿಗೆ ಹಾಕಿದ ಜಾಗ ಸೋರುತ್ತಿರಬಹುದು, ಆಗಲೇ ಸಿಟಿ ಸ್ಕ್ಯಾನ್ ಬೇಕು. ಸ್ಲೀವ್ ಬದಲು ಹೊಟ್ಟೆಯ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಅದಕ್ಕೆ ಕರುಳು ಜೋಡಿಸುವ ಆಪರೇಷನ್, ಹೃದಯದ್ದಲ್ಲ) ಮಾಡಿಸಿಕೊಂಡವರಿಗೆ ವರ್ಷಗಳಾದ ಮೇಲೂ ಇದ್ದಕ್ಕಿದ್ದ ಹಾಗೆ ಹೊಟ್ಟೆ ಹಿಂಡಿದರೆ ಕರುಳು ಸಿಕ್ಕಿಕೊಂಡಿರಬಹುದು, ಅದಕ್ಕೂ ಕಾಯುವ ಹಾಗಿಲ್ಲ. ದುಡ್ಡು ಕಟ್ಟುವ ಮುಂಚೆ ರಾತ್ರಿ ಹೊತ್ತು ಫೋನ್ ಎತ್ತುವ ಡಾಕ್ಟರ್ ಹೆಸರು ಬರೆಸಿಕೊಳ್ಳಿ. ಕೋ-ಆರ್ಡಿನೇಟರ್ ನಂಬರ್ ಕೊಟ್ಟರೆ ಎದ್ದು ಬನ್ನಿ.

ದಾಖಲೆ ಕೇಳಿದಾಗಲೂ ಆಟ ಆಡಿಸಿದರು. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ. "ಎಂಆರ್‌ಡಿಯವರು ರಜ ಸರ್" (ದಾಖಲೆ ಇಡುವ ವಿಭಾಗ ಅದು), "ಪೇಷೆಂಟೇ ಬರಬೇಕು ಸರ್". ನಡೆಯೋಕಾಗದವಳು ಹಾಸನದಿಂದ ಬರಬೇಕಂತೆ! ನಿಯಮದ ನಂಬರ್ ಬರೆದು ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡ ಮೇಲೆ ಕೊಟ್ಟರು. ಅದರಲ್ಲಿ ಡ್ರಿಪ್ ಹಾಕಿದ ದಿನದ ಹಾಳೆಯಲ್ಲಿ ವಾಂತಿ ಎಷ್ಟು ವಾರದಿಂದ ಅಂತ ಒಂದು ಅಕ್ಷರ ಇಲ್ಲ. ಕೊನೆಯ ಸಾಲು ಮಾತ್ರ ಸ್ಪಷ್ಟವಾಗಿದೆ: ರೋಗಿ ಆಹಾರದ ಸೂಚನೆ ಪಾಲಿಸಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇವೆ. ವಾಟ್ಸಾಪ್ ಚಾಟ್ ಪೂರ್ತಿ ಪ್ರಿಂಟ್ ತೆಗೆದು ಲಗತ್ತಿಸಿದ್ದೇವೆ, ಹೆಬ್ಬೆರಳು ಸಮೇತ.