ಸ್ಟೇಜ್ ಒನ್ನೋ, ಸ್ಟೇಜ್ ಟೂವೋ? ಟರ್ಬೊ ಕಾರಿನ ಮೈಲೇಜ್ ಲೆಕ್ಕ

ಪೋಲೋ ಜಿಟಿಯಂಥ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಕಾಸರಗೋಡು–ಮಂಗಳೂರು ದಿನಾ ಓಡಾಡುವವರಿಗೆ, ಎಂಜಿನ್ ಪವರ್ ಹೆಚ್ಚಿಸುವ ಟ್ಯೂನಿಂಗಿನ ಎರಡು ಹಂತಗಳ ಈ ಹೋಲಿಕೆ.

ಸ್ಟೇಜ್ ಒನ್ ಎಂದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರಿಮ್ಯಾಪ್, ಅಂದರೆ ಅದರ ಸಾಫ್ಟ್‌ವೇರ್ ಬದಲಾವಣೆ ಮಾತ್ರ, ಬಿಡಿಭಾಗ ಮುಟ್ಟುವುದಿಲ್ಲ. ಹೆದ್ದಾರಿ 66ರಲ್ಲಿ ಗಂಟೆಗೆ 80 ಕಿ.ಮೀ.ನಂತೆ ಒಂದೇ ಹದದಲ್ಲಿ ಹೋದರೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಹೆಚ್ಚು ಏರುವುದೇ ಇಲ್ಲ. ಗಾಳಿ–ಪೆಟ್ರೋಲ್ ತೂಕದ ಅನುಪಾತ, ಎಥನಾಲ್ ಬೆರೆಯದ ಪೆಟ್ರೋಲಾದರೆ, ಪೂರ್ತಿ ಉರಿಯಲು ತಕ್ಕ 14.7:1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಮೈಲೇಜ್ ಹೆಚ್ಚುಕಡಿಮೆ ಮೊದಲಿನಷ್ಟೇ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ನಾಕ್ (ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಬಡಿಯುವುದು) ತಪ್ಪಿಸಲು, ಬಿಸಿ ತಗ್ಗಿಸಲು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅನುಪಾತ 12:1ರತ್ತ ಇಳಿಯುತ್ತದೆ. ಹೊಸ ಪವರ್ ಸಿಕ್ಕ ಮೊದಲ ತಿಂಗಳು ಯಾರ ಬಲಗಾಲೂ ಸುಮ್ಮನಿರುವುದಿಲ್ಲ ಮಾರಾಯ್ರೆ, ಆ ತಿಂಗಳ ಲೆಕ್ಕ ಹಿಡಿಯಬೇಡಿ.

ಸ್ಟೇಜ್ ಟೂಗೆ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ), ಇನ್‌ಟೇಕ್ (ಗಾಳಿ ಒಳಬರುವ ದಾರಿ) ಬದಲಾವಣೆಯೂ ಸೇರುತ್ತವೆ. ಹೊಸ ಮ್ಯಾಪ್ ಹೆಚ್ಚು ಆಕ್ಟೇನ್ (ನಾಕ್ ತಡೆಯುವ ಗುಣ) ಕೇಳಿದರೆ ದುಬಾರಿ ಪೆಟ್ರೋಲೇ ಹಾಕಬೇಕು. ಆದ್ದರಿಂದ ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುವುದಕ್ಕಿಂತ ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ನೋಡಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಹೊಗೆ ತಪಾಸಣೆಯ ತಲೆನೋವು ಬೇರೆ. ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಕೇರಳದಲ್ಲಿ ತಪಾಸಣೆಯೂ ಬಿಗಿ.

ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಎರಡಕ್ಕೂ ಸಮಾನ ಪೆಟ್ಟು: ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟೇ. ಆ ಇಳಿಕೆಗೆ ಟ್ಯೂನರನ್ನು ಬೈಯಬೇಡಿ.

ದಿನಾ ಓಡಾಟಕ್ಕೆ ನನ್ನ ಮತ ಸ್ಟೇಜ್ ಒನ್‌ಗೆ. ವಾರಕ್ಕೊಮ್ಮೆ ಸುಳ್ಯ ದಾಟಿ ಮಡಿಕೇರಿ ಘಾಟಿ ಹತ್ತುವ ಮೋಜಿಗಷ್ಟೇ ಕಾರು ಎನ್ನುವವರು ಮೈಲೇಜ್ ಕೇಳುವುದೇ ಇಲ್ಲ.