ಸಹಾಯಾರ್ಥ ಪ್ರದರ್ಶನದಲ್ಲಿ ಹಣ ಕೊಡುವ ಮುನ್ನ ಫೋನಿನಲ್ಲಿ ಕಾಣುವ ಹೆಸರನ್ನು ಓದಿ

ಕಳೆದ ವಾರ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಆಹ್ವಾನ ಪತ್ರಿಕೆ ಬಂತು. ಸಾರ್ವಜನಿಕ ಉಪನ್ಯಾಸ, ವಿದ್ಯಾರ್ಥಿಗಳ ಚಿತ್ರಕಲಾ ಪ್ರದರ್ಶನ, ಬಂದ ಹಣವೆಲ್ಲ ಹಳ್ಳಿಯ ಸರ್ಕಾರಿ ಶಾಲೆಯೊಂದರ ಗ್ರಂಥಾಲಯಕ್ಕೆ ಎಂಬ ಒಕ್ಕಣೆ, ಕೆಳಗೆ ಹೆಂಚಿನ ಶಾಲೆಯ ಮುಂದೆ ಸಾಲಾಗಿ ನಿಂತ ಮಕ್ಕಳ ಫೋಟೊ. ಫೆಬ್ರವರಿಯಲ್ಲಿ ನನ್ನಿಂದ 4,500 ರೂಪಾಯಿ ಪಡೆದ ಪ್ರದರ್ಶನದ ಕರಪತ್ರದಲ್ಲಿಯೂ ಇದೇ ಫೋಟೊ ಇತ್ತು. ಈ ಸಲ ಕ್ಯಾಂಪಸ್ ಬೇರೆ, ಟ್ರಸ್ಟಿನ ಹೆಸರೂ ಬೇರೆ. ಆದ್ದರಿಂದ ನನಗಾದದ್ದನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ.

ನಾನು ಬಸವನಗುಡಿಯವನು. 1962ರಲ್ಲಿ ಎಚ್. ನರಸಿಂಹಯ್ಯನವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳನ್ನು ನ್ಯಾಷನಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ಅಲ್ಲಿ ಟಿಕೆಟ್ಟಿಲ್ಲ, ಯಾರೂ ನಮ್ಮ ಜೇಬಿನ ಕಡೆ ನೋಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮುಕ್ತ ದಿನಕ್ಕೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಖರ್ಚಿಲ್ಲದೆ ಪ್ರಯೋಗಾಲಯಗಳನ್ನು ತೋರಿಸಿದ್ದುಂಟು. ವಿದ್ಯಾಸಂಸ್ಥೆಯ ಗೇಟಿನೊಳಗೆ ನಡೆಯುವುದೆಲ್ಲ ಆ ಸಂಸ್ಥೆಯ ಕಣ್ಗಾವಲಿನಲ್ಲೇ ನಡೆಯುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಹೀಗೆ. ನಾನು ಮೋಸಹೋದದ್ದು ಇವೆರಡರಲ್ಲಿ ಎಲ್ಲಿಯೂ ಅಲ್ಲ, ನಗರದ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಆವರಣದಲ್ಲಿ.

ಉಪನ್ಯಾಸ ಚೆನ್ನಾಗಿಯೇ ಇತ್ತು. ಬೆಂಗಳೂರಿನ ಕೆರೆಗಳ ಬಗ್ಗೆ ಮಾತನಾಡಿದ ಪ್ರಾಧ್ಯಾಪಕರಿಗೂ ಹೊರಗಿನ ವಸೂಲಿಗೂ ಯಾವ ಸಂಬಂಧವೂ ಇರಲಿಲ್ಲ ಎಂದು ಈಗ ತಿಳಿದಿದ್ದೇನೆ. ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ಸುಮಾರು ಐವತ್ತು ಚಿತ್ರಗಳನ್ನು ತೂಗುಹಾಕಿದ್ದರು. ಅವುಗಳಲ್ಲೊಂದು ಕಡಲೆಕಾಯಿ ಪರಿಷೆಯದು: ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಗೋಣಿಚೀಲ ಹಾಸಿ ಕುಳಿತ ಮುದುಕಿಯೊಬ್ಬಳು ಸೇರಿಗೆ ಕಾಯಿ ತುಂಬಿ, ಮೇಲೆ ಇನ್ನೊಂದು ಹಿಡಿ ಕೊಸರು ಹಾಕುತ್ತಿರುವ ಕ್ಷಣ. ಬರೆದ ವಿದ್ಯಾರ್ಥಿನಿ ಪಕ್ಕದಲ್ಲೇ ನಿಂತಿದ್ದಳು. ಆ ಕೊಸರಿನ ಕೈಯನ್ನು ಗಮನಿಸಿದ್ದಕ್ಕಾಗಿ ಅವಳನ್ನು ಹೊಗಳಿ, ಚಿತ್ರ ಕೊಳ್ಳುತ್ತೇನೆ ಎಂದೆ.

ಮೇಜಿನ ಹಿಂದೆ ಟ್ರಸ್ಟಿನ ಹೆಸರಿದ್ದ ದೊಡ್ಡ ಫಲಕವಿತ್ತು. ಮೇಜಿನ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಮೂಡಿದ್ದು ಟ್ರಸ್ಟಿನ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಕೇಳಿದೆ. "ಅವರು ನಮ್ಮ ಖಜಾಂಚಿ ಸರ್, ಟ್ರಸ್ಟಿನ ಖಾತೆಯಲ್ಲಿ ಇವತ್ತು ಏನೋ ತೊಂದರೆ" ಎಂದು, ಕೊರಳಿಗೆ ಸ್ವಯಂಸೇವಕನ ಗುರುತುಪಟ್ಟಿ ಹಾಕಿಕೊಂಡಿದ್ದ ಹುಡುಗ ಹೇಳಿದ. ಹಿಂದೆ ಸಾಲು ಬೆಳೆದಿತ್ತು. ನಾನು ಪಿನ್ ಒತ್ತಿದೆ. ಇಡೀ ಪ್ರಕರಣದಲ್ಲಿ ನನ್ನದೇ ಎನ್ನಬಹುದಾದ ತಪ್ಪು ಇದು, ಉಳಿದವೆಲ್ಲ ಇದರ ಹಿಂದೆಯೇ ಬಂದವು. 80ಜಿ ತೆರಿಗೆ ವಿನಾಯಿತಿಯ ರಸೀದಿ ಇ-ಮೇಲ್‌ಗೆ ಬರುತ್ತದೆ, ಚಿತ್ರವನ್ನು ಪ್ರದರ್ಶನ ಮುಗಿದ ಮೇಲೆ ಮನೆಗೇ ತಲುಪಿಸುತ್ತೇವೆ ಎಂದು ಹೇಳಿ, ಒಂದು ನೋಟ್‌ಬುಕ್ಕಿನಲ್ಲಿ ನನ್ನ ವಿಳಾಸ, ಮೊಬೈಲ್ ಸಂಖ್ಯೆ, ಪ್ಯಾನ್ ಸಂಖ್ಯೆಗಳನ್ನು ಬರೆಸಿಕೊಂಡರು.

ಚಿತ್ರ ಬರಲಿಲ್ಲ, ರಸೀದಿಯೂ ಬರಲಿಲ್ಲ. ಕರಪತ್ರದಲ್ಲಿದ್ದ ಸಂಖ್ಯೆ ಎರಡು ವಾರ ರಿಂಗಾಗಿ, ಆಮೇಲೆ ಸ್ವಿಚ್ ಆಫ್ ಆಯಿತು. ರಿಟರ್ನ್ ಸಲ್ಲಿಸುವ ಹೊತ್ತಿಗೆ ನಮ್ಮ ಲೆಕ್ಕಪರಿಶೋಧಕರು ವಿಷಯ ಕೇಳಿ ನಕ್ಕುಬಿಟ್ಟರು. ದೇಣಿಗೆ ಪಡೆದ ನೋಂದಾಯಿತ ಸಂಸ್ಥೆಯು ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗೆ 10ಬಿಇ ನಮೂನೆಯ ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ವಿನಾಯಿತಿ ಕೇಳುವಂತಿಲ್ಲ. ಅದಕ್ಕೆ ದಾನಿಯ ಪ್ಯಾನ್ ಕೇಳುವುದು ಸಹಜವೇ, ಆದರೆ ಹಾಗೆ ಕೇಳುವ ಸಂಸ್ಥೆಯು ತನ್ನ 80ಜಿ ನೋಂದಣಿ ಸಂಖ್ಯೆಯನ್ನು ರಸೀದಿಯ ಮೇಲೆ ಅಚ್ಚು ಹಾಕಿಸಿರುತ್ತದೆ. ನಗದಾಗಿ ಕೊಟ್ಟರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗೆ ವಿನಾಯಿತಿಯೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆಲೆ ಕೊಟ್ಟು ಚಿತ್ರ ಕೊಂಡರೆ ಅದು ಖರೀದಿಯೇ ಹೊರತು ದೇಣಿಗೆಯಲ್ಲ. "ವಸ್ತುವನ್ನೂ ಕೊಡುತ್ತೇವೆ, 80ಜಿಯನ್ನೂ ಕೊಡುತ್ತೇವೆ ಎಂದಾಗಲೇ ನೀವು ಎದ್ದು ಬರಬೇಕಿತ್ತು" ಎಂದರು ಅವರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಿಗೆ ಈ ಮಾತು ಹೇಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ವಿಶ್ವವಿದ್ಯಾಲಯದ ಕಚೇರಿಗೆ ಎರಡು ಸಲ ಹೋದೆ. ಸಭಾಂಗಣವನ್ನೂ ಪಡಸಾಲೆಯನ್ನೂ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡಲಾಗಿತ್ತು, ಕಾರ್ಯಕ್ರಮ ನಮ್ಮದಲ್ಲ ಎಂಬುದಷ್ಟೇ ಉತ್ತರ. ಆದರೆ ಕರಪತ್ರದ ನೆತ್ತಿಯ ಮೇಲೆ ಅವರ ಲಾಂಛನವಿತ್ತು, ಅದನ್ನು ಯಾರೂ ಆಕ್ಷೇಪಿಸಿರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಆದರೆ ಆ ಸಹಾಯವಾಣಿಯಿಂದ ಹಣ ತಡೆಹಿಡಿಯುವ ಅವಕಾಶ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ, ನಾನು ಕಳೆದದ್ದು ನಾಲ್ಕು ತಿಂಗಳು. ಪ್ಯಾನ್ ಸಂಖ್ಯೆ ಅವರ ನೋಟ್‌ಬುಕ್ಕಿನಲ್ಲಿ ಉಳಿದಿರುವುದರಿಂದ, ನನ್ನ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಸಿಬಿಲ್ ವರದಿಯನ್ನು ತೆಗೆಸಿ ನೋಡಿದೆ. ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ, ನನ್ನಂತೆ ನೋಟ್‌ಬುಕ್ಕಿನಲ್ಲಿ ಬರೆದು ಬಂದವರು ದಯವಿಟ್ಟು ತೆಗೆಸಿ ನೋಡಿ.

ಕುಮಾರ ಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನಾವು ಹಣವನ್ನು ಕಲಾವಿದರ ಕೈಗೆ ಕೊಡುತ್ತೇವೆ, ಚಿತ್ರವನ್ನು ಅವರ ಕೈಯಿಂದಲೇ ಪಡೆದು ಹೊರಡುತ್ತೇವೆ. ಕ್ಯಾಂಪಸ್ ಪ್ರದರ್ಶನದಲ್ಲಿಯೂ ಹಾಗೆಯೇ ಮಾಡಲು ಬಿಡದಿದ್ದರೆ ಕೊಳ್ಳಬೇಡಿ. ಶಾಲೆಗೆ ಕೊಡಬೇಕೆನಿಸಿದರೆ ಶಾಲೆಯ ಹೆಸರು, ಊರು, ತಾಲ್ಲೂಕು ಕೇಳಿ ಮುಖ್ಯೋಪಾಧ್ಯಾಯರಿಗೇ ಫೋನ್ ಮಾಡಿ. ನನ್ನ ಕರಪತ್ರದಲ್ಲಿ ಊರಿನ ಹೆಸರೇ ಇರಲಿಲ್ಲವೆಂಬುದನ್ನು ನಾನು ಗಮನಿಸಿದ್ದು ಜೂನ್ ತಿಂಗಳಿನಲ್ಲಿ.

ವಿಭಾಗದ ಅಧ್ಯಾಪಕರೊಬ್ಬರ ಮೂಲಕ ಆ ವಿದ್ಯಾರ್ಥಿನಿಯನ್ನು ಪತ್ತೆ ಮಾಡಿದೆ. ಅವಳಿಂದಲೂ ಪ್ರವೇಶ ಶುಲ್ಕವೆಂದು 500 ರೂಪಾಯಿ ಪಡೆದಿದ್ದರಂತೆ. ಚಿತ್ರ ನನ್ನ ಮನೆಯಲ್ಲಿದೆ ಎಂದೇ ಅವಳು ಅಷ್ಟು ದಿನ ತಿಳಿದಿದ್ದಳು. ಅದರ ಒಂದು ಒಳ್ಳೆಯ ಫೋಟೊ ಕೂಡ ಅವಳ ಬಳಿ ಇರಲಿಲ್ಲ. ಅಂದು ಪಡಸಾಲೆಯಲ್ಲಿ ನಾನು ತೆಗೆದುಕೊಂಡಿದ್ದನ್ನು ಅವಳಿಗೆ ಕಳುಹಿಸಿಕೊಟ್ಟೆ.