ಕಾಲು ಎಟುಕದ ಬೈಕ್ ತಗೊಂಡು ನಾನು ಪಟ್ಟ ಪಾಡು

ತುಮಕೂರು ಕಡೆ ಯಾರಾದರೂ ಮಣ್ಣುದಾರಿಯಲ್ಲಿ ಓಡಿಸೋಕೆ ಅಂತ ಮೊದಲ ಸಲ ಹೊಸ ಬೈಕ್ ನೋಡುತ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾನು 2024ರ ಏಪ್ರಿಲ್‌ನಲ್ಲಿ ತಗೊಂಡೆ, ನವೆಂಬರ್‌ನಲ್ಲಿ ಮಾರಿದೆ. ಈ ಏಳು ತಿಂಗಳಲ್ಲಿ ಒಂದು ಲಕ್ಷದ ಹತ್ತಿರ ದುಡ್ಡು ಹೋಯಿತು. ಬಲಗಾಲಿನ ಮೀನಖಂಡದ ಮೇಲೆ ಸೈಲೆನ್ಸರ್ ಸುಟ್ಟ ಗುರುತು ಇನ್ನೂ ಇದೆ.

ಕಂಪನಿ ಹೆಸರು, ಶೋರೂಮ್ ಹೆಸರು ಬರೆಯೋದಿಲ್ಲ. ಗಾಡಿಯಲ್ಲಿ ದೋಷ ಇರಲಿಲ್ಲ. ನನಗೆ ಅದು ಹೊಂದುತ್ತಿರಲಿಲ್ಲ ಅಷ್ಟೇ. ಹೊಂದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುವಂಥದ್ದು, ಮಾರುವವರಿಗೂ ಗೊತ್ತಿತ್ತು.

ಅದಕ್ಕೆ ಮುಂಚೆ ಹತ್ತು ವರ್ಷ 125 ಸಿಸಿ ಗಾಡಿ ಓಡಿಸಿದವನು ನಾನು. ಮನೆ, ಆಫೀಸು, ಭಾನುವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಅಷ್ಟೇ ನನ್ನ ಸವಾರಿ. ಇಬ್ಬರು ಗೆಳೆಯರು ವಾರ ಬಿಟ್ಟು ವಾರ ಕೊರಟಗೆರೆ ಕಡೆ ಹೋಗುತ್ತಿದ್ದರು. ಗೊರವನಹಳ್ಳಿ ಹತ್ತಿರದ ತೀತಾ ಜಲಾಶಯದ ಆಸುಪಾಸು, ಸಿದ್ದರಬೆಟ್ಟದ ಬುಡ, ಅಲ್ಲಿಂದ ಮಧುಗಿರಿಗೆ ಹಳ್ಳಿ ಹಳ್ಳಿ ದಾಟಿ ಬಂಡಿಜಾಡಿನಲ್ಲಿ. ಒಮ್ಮೆ ಹಿಂದೆ ಕೂತು ಹೋದೆ. ತಲೆ ಕೆಟ್ಟಿತು. ಆ ರಾತ್ರಿಯಿಂದಲೇ ವಿಡಿಯೋ ನೋಡೋಕೆ ಶುರು. ವಿಡಿಯೋದಲ್ಲಿ ಎಲ್ಲರೂ ಲಡಾಖ್‌ಗೆ ಹೋಗುತ್ತಿರುತ್ತಾರೆ, ಅಲ್ವಾ? ನಾನೂ ಲಡಾಖ್‌ಗೆ ಆಗುವಂಥ ಗಾಡಿ ಆರಿಸಿದೆ. ಓಡಿಸಬೇಕಾದ್ದು ಕಡಲೆಕಾಯಿ ಹೊಲದ ಬದುವಿನ ಪಕ್ಕ ಅನ್ನೋದು ಮರೆತೇಹೋಯಿತು.

ಶೋರೂಮಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಕೂರಿಸಿದರು. ಸ್ಟ್ಯಾಂಡ್ ಮೇಲೆ ಗಾಡಿ ನೆಟ್ಟಗೆ ನಿಂತಿರುತ್ತೆ, ಭಾರ ಗೊತ್ತೇ ಆಗಲ್ಲ. "ಕಾಲು ಎಟುಕ್ತಿಲ್ಲವಲ್ಲ" ಅಂದೆ. "ಸರ್, ಈ ಥರ ಗಾಡಿಗೆ ಎಲ್ಲರೂ ಒಂದೇ ಕಾಲು ಊರೋದು. ಹದಿನೈದು ದಿನದಲ್ಲಿ ಅಭ್ಯಾಸ ಆಗುತ್ತೆ" ಅಂದ ಸೇಲ್ಸ್ ಹುಡುಗ. ಟೆಸ್ಟ್ ರೈಡ್ ಅಂತ ಬಿ.ಎಚ್. ರಸ್ತೆಯಲ್ಲಿ ಒಂದು ಕಿಲೋಮೀಟರ್ ಹೋಗಿ ಬಂದೆ. ಟಾರು ರಸ್ತೆಯಲ್ಲಿ ಎಂಥ ಗಾಡಿಯೂ ಹಂಸದ ಹಾಗೆ ಹೋಗುತ್ತೆ.

ಲೆಕ್ಕ ಹೀಗಿದೆ ನೋಡಿ. ನನ್ನ ಎತ್ತರ ಐದು ಅಡಿ ಐದು ಇಂಚು. ತೊಡೆಸಂದಿನಿಂದ ಹಿಮ್ಮಡಿಗೆ 29 ಇಂಚು, ಅಂದರೆ ಸುಮಾರು 735 ಮಿ.ಮೀ. ಆ ಗಾಡಿಯ ಸೀಟಿನ ಎತ್ತರ 860ರ ಹತ್ತಿರ. ಕೂತಾಗ ಸಸ್ಪೆನ್ಷನ್ ಒಂದಿಷ್ಟು ಕುಗ್ಗುತ್ತೆ, ಶೂ ಒಂದಿಷ್ಟು ಸೇರುತ್ತೆ, ಆದರೂ ಹೆಬ್ಬೆರಳಿನ ತುದಿ ಬಿಟ್ಟು ಬೇರೇನೂ ನೆಲ ಮುಟ್ಟಲ್ಲ. ಸೀಟು ಅಗಲ ಇದ್ದರೆ ಇನ್ನೂ ಕಷ್ಟ, ತೊಡೆ ಹೊರಗೆ ಚಾಚಿಕೊಂಡು ಕಾಲಿನ ಉದ್ದ ಅಲ್ಲೇ ಖರ್ಚಾಗುತ್ತೆ. ಈ ಎರಡು ಅಳತೆ ಮನೆಯಲ್ಲೇ ಟೇಪು ಹಿಡಿದು ನೋಡಬಹುದಿತ್ತು. ನೋಡಲಿಲ್ಲ.

ತೂಕದ್ದೂ ಅದೇ ಕಥೆ. ಸೇಲ್ಸ್ ಹುಡುಗ ಹೇಳಿದ್ದು ಪೆಟ್ರೋಲು, ಆಯಿಲ್ ಏನೂ ಇಲ್ಲದ ಒಣ ತೂಕ. ನಾವು ಎತ್ತಬೇಕಾದ್ದು ಎಲ್ಲಾ ತುಂಬಿದ ಗಾಡಿಯನ್ನ. 15 ಲೀಟರ್ ಪೆಟ್ರೋಲೇ 11 ಕೆಜಿ ತೂಗುತ್ತೆ. ಅದರ ಮೇಲೆ ಕ್ರ್ಯಾಶ್ ಗಾರ್ಡು, ಹಿಂದಿನ ಕ್ಯಾರಿಯರ್ರು, ಪೆಟ್ಟಿಗೆ ಇಡೋ ಫ್ರೇಮು. ಎಲ್ಲಾ ಸೇರಿ ನನ್ನದು ಎರಡು ಕ್ವಿಂಟಾಲ್ ದಾಟಿತ್ತು. ನಾನು 62 ಕೆಜಿ.

ಜಯಮಂಗಲಿ ಹೊಳೆಯಲ್ಲಿ ಇದೆಲ್ಲ ಅರ್ಥ ಆಯಿತು.

ಮೇ ತಿಂಗಳ ಒಂದು ಭಾನುವಾರ, ಗಾಡಿ ತಗೊಂಡು ಇಪ್ಪತ್ತು ದಿನ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿಯುವ ಹೊಳೆ ಅದು. ಬೇಸಿಗೆಯಲ್ಲಿ ನೀರಿರಲ್ಲ, ಬರೀ ಮರಳು. ಗೆಳೆಯರಿಬ್ಬರೂ ಹಗುರ ಗಾಡಿಯಲ್ಲಿ ದಾಟಿಹೋದರು. ನಾನು ಇಳಿದೆ. ಹತ್ತು ಮಾರು ಹೋಗಿರಬಹುದು, ಮುಂದಿನ ಚಕ್ರ ಮರಳಿಗೆ ಕುಡುಗೋಲಿನ ಹಾಗೆ ಕೊಯ್ದುಕೊಂಡು ಇಳಿಯಿತು. ಹೆದರಿ ಆಕ್ಸಿಲರೇಟರ್ ಬಿಟ್ಟೆ. ಮರಳಲ್ಲಿ ಮಾಡಬಾರದ ಕೆಲಸ ಅದೇ. ಬಿಟ್ಟ ಕೂಡಲೇ ಭಾರ ಎಲ್ಲಾ ಮುಂದಕ್ಕೆ ಬಂದು ಚಕ್ರ ಇನ್ನೂ ಹೂತುಕೊಳ್ಳುತ್ತೆ. ಗಾಡಿ ನಿಂತಿತು. ಬಲಗಾಲು ಊರಿದೆ. ಹೆಬ್ಬೆರಳು ಮರಳು ಮುಟ್ಟಿತು, ಮರಳು ಜಾರಿತು, ಗಾಡಿ ಬಲಕ್ಕೆ ಮಲಗಿತು. ನನ್ನ ಕಾಲು ಕೆಳಗೆ.

ಹಾಕಿಕೊಂಡಿದ್ದು ವಾಕಿಂಗ್ ಶೂ, ತೆಳ್ಳನೆ ಟ್ರ್ಯಾಕ್ ಪ್ಯಾಂಟು. ಸೈಲೆನ್ಸರ್ ಬಟ್ಟೆಯನ್ನೂ ಚರ್ಮವನ್ನೂ ಒಟ್ಟಿಗೆ ಅಂಟಿಸಿಬಿಟ್ಟಿತು. ಗೆಳೆಯರು ಆಚೆ ದಡದ ತೆಂಗಿನ ತೋಟ ದಾಟಿ ಮುಂದೆ ಹೋಗಿದ್ದರು, ಕೂಗಿದರೆ ಕೇಳಿಸದಷ್ಟು ದೂರ. ಮರಳು ಮೆತ್ತಗಿದ್ದಿದ್ದಕ್ಕೆ ಕೈಯಲ್ಲಿ ತೋಡಿ ತೋಡಿ ಕಾಲು ಎಳೆದುಕೊಂಡೆ. ಗಟ್ಟಿ ನೆಲ ಆಗಿದ್ದರೆ ಮೂಳೆ ಮುರಿಯುತ್ತಿತ್ತು.

ಆಮೇಲೆ ಎತ್ತೋಕೆ ನೋಡಿದೆ. ಹ್ಯಾಂಡಲ್ ಹಿಡಿದು ಎಳೆದೆ, ಅಲುಗಲಿಲ್ಲ. ಮತ್ತೆ ಎಳೆದೆ, ಸೊಂಟ ಹಿಡಿಯಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ಯಜಮಾನರೊಬ್ಬರು ನಿಂತು ನೋಡಿದರು. "ಎಮ್ಮೆ ಕೆಸರಲ್ಲಿ ಕೂತಂಗೆ ಕೂತೈತಲ್ಲಪ್ಪಾ" ಅಂದರು. ಬಂದು ಹಿಂದಿನ ಕ್ಯಾರಿಯರ್ ಹಿಡಿದರು. ಇಬ್ಬರೂ ಸೇರಿ ಮೂರನೇ ಪಟ್ಟಿಗೆ ಎತ್ತಿದೆವು. "ಇಷ್ಟು ಭಾರದ್ದು ಯಾಕಪ್ಪಾ ತಗಂಡೆ? ನಮ್ ಹುಡುಗನ ಗಾಡಿ ಇಲ್ಲೇ ದಿನಾ ಹುಲ್ಲು ಹೊತ್ಕಂಡು ದಾಟ್ತದೆ." ಅವರ ಹುಡುಗನದು 100 ಸಿಸಿ ಗಾಡಿ ಅಂತ ಆಮೇಲೆ ಗೊತ್ತಾಯಿತು. ಉತ್ತರ ಹೊಳೆಯಲಿಲ್ಲ.

ಬಿದ್ದ ಗಾಡಿ ಎತ್ತುವ ರೀತಿ ನಾನು ಆಮೇಲೆ ಕಲಿತೆ. ಗಾಡಿಗೆ ಬೆನ್ನು ಕೊಟ್ಟು ಸೀಟಿಗೆ ಕುಂಡೆ ಆನಿಸಿ ಕೂರಬೇಕು. ಒಂದು ಕೈಯಲ್ಲಿ ಕೆಳಗಿನ ಕಡೆಯ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ. ಸೊಂಟ ಬಗ್ಗಿಸದೆ ಕಾಲಿನ ಬಲದಲ್ಲಿ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಏಳಬೇಕು. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಗೇರ್‌ನಲ್ಲಿ ಇರಲಿ. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆಚೆ ಕಡೆ ಬೀಳುತ್ತೆ. ಮರಳಾದರೆ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡಿ. ಇದನ್ನು ಹೊಳೆಯಲ್ಲಿ ಕಲಿಯಬೇಡಿ. ಬುಕ್ ಮಾಡುವ ಮೊದಲು ಅಂಥದ್ದೇ ಗಾಡಿ ಇರುವ ಯಾರನ್ನಾದರೂ ಹಿಡಿದು, ಹುಲ್ಲಿನ ಮೇಲೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ. ಎರಡು ಸಲ ಎತ್ತೋಕೆ ಆಗದಿದ್ದರೆ ಆ ಗಾಡಿ ಬೇಡ. ಮೊದಲ ವರ್ಷ ನಾವು ಬೀಳುವುದೇ ಜಾಸ್ತಿ.

ಎರಡನೇ ಪೆಟ್ಟು ಜುಲೈನಲ್ಲಿ, ಸಿದ್ದರಬೆಟ್ಟದ ದಾರಿ ಪಕ್ಕದ ಕೊರಕಲಿನಲ್ಲಿ. ಎಂಜಿನ್ ಕೆಳಗೆ ಬೆಳ್ಳಿ ಬಣ್ಣದ ತಟ್ಟೆಯೊಂದು ಇತ್ತು. ನಾನು ಅದನ್ನ ಅಲ್ಯೂಮಿನಿಯಂ ಅಂದುಕೊಂಡಿದ್ದೆ. ಬೆರಳಿನಿಂದ ತಟ್ಟಿ ನೋಡಿದ್ದರೂ ಗೊತ್ತಾಗುತ್ತಿತ್ತು, ಅದು ಬಣ್ಣ ಬಳಿದ ಪ್ಲಾಸ್ಟಿಕ್ಕು. ಚೂಪು ಕಲ್ಲೊಂದು ಅದನ್ನು ಸೀಳಿ ಎಂಜಿನ್ ತಳಕ್ಕೆ ಬಡಿಯಿತು. ಎರಡು ನಿಮಿಷದಲ್ಲಿ ಬಂಡೆ ಮೇಲೆ ಕರಿ ಆಯಿಲ್ ಗೆರೆ. ತಕ್ಷಣ ಆಫ್ ಮಾಡಿದ್ದಕ್ಕೆ ಎಂಜಿನ್ ಉಳಿಯಿತು. ಟಾಟಾ ಏಸ್‌ನಲ್ಲಿ ಹೇರಿಕೊಂಡು ತುಮಕೂರಿಗೆ ಬಂದೆ. ಹೊರಗಿನ ಪೆಟ್ಟು ವಾರಂಟಿಗೆ ಬರಲ್ಲ ಅಂದರು. ಸರಿಯೇ. ಆದರೆ ಅಕ್ಸೆಸರಿ ಅಂತ 38,000 ರೂಪಾಯಿ ಕಟ್ಟಿಸಿಕೊಂಡಿದ್ದರಲ್ಲ, ಅದರಲ್ಲಿ ಫಾಗ್ ಲೈಟ್ ಇತ್ತು, ಪೆಟ್ಟಿಗೆ ಫ್ರೇಮ್ ಇತ್ತು, ಟ್ಯಾಂಕಿಗೆ ಸ್ಟಿಕ್ಕರ್ ಕೂಡ ಇತ್ತು. ಎಂಜಿನ್ ತಳ ಕಾಯುವ ಗಟ್ಟಿ ಲೋಹದ ತಟ್ಟೆ, ಅಂದರೆ ಸ್ಕಿಡ್ ಪ್ಲೇಟ್, ಅದೊಂದೇ ಇರಲಿಲ್ಲ. ಮಣ್ಣುದಾರಿಗೆ ಅಂತ ಹೇಳಿಯೇ ತಗೊಂಡಿದ್ದೆ ನಾನು.

ಬಿಲ್ಲಿನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಅಕ್ಸೆಸರಿ ತಗೊಂಡರೆ ಮಾತ್ರ ಬೇಗ ಡೆಲಿವರಿ ಅಂದಿದ್ದರು, ನಂಬಿದೆ. ಇನ್ಶೂರೆನ್ಸ್ ಇಲ್ಲೇ ಮಾಡಿಸಬೇಕು ಅಂದರು, ಅದನ್ನೂ ನಂಬಿದೆ. ಹೊಸ ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಕಡ್ಡಾಯ, ಇದು 2018ರ ಸೆಪ್ಟೆಂಬರ್‌ನಿಂದ ಇದೆ. ಆದರೆ ಶೋರೂಮಿನಲ್ಲೇ ಮಾಡಿಸಬೇಕು ಅಂತ ಎಲ್ಲೂ ಇಲ್ಲ. ಹೊರಗೆ ವಿಚಾರಿಸಿ. ನೀರು ನುಗ್ಗಿ ಎಂಜಿನ್ ಹಾಳಾದರೆ ಮಾಮೂಲಿ ಪಾಲಿಸಿ ಕೈಬಿಡುತ್ತೆ, ಅದಕ್ಕೆ ಬೇರೆ ದುಡ್ಡು ಕಟ್ಟಿ ಸೇರಿಸುವ ಆಡ್-ಆನ್ ಬೇಕು. ಹಳ್ಳ ದಾಟುವವರು ಕೇಳಿಕೊಳ್ಳಿ.

ಇನ್ನೊಂದು ಮೋಸ ನನಗೆ ಕಂಡದ್ದು ಟಯರಿನಲ್ಲಿ. ಡೆಲಿವರಿ ಆದ ವಾರಕ್ಕೆ ಮನೆ ಮುಂದೆ ತೊಳೆಯುತ್ತಾ ಕೂತಿದ್ದೆ. ಟಯರ್ ಪಕ್ಕದಲ್ಲಿ ಸಣ್ಣ ಚೌಕದೊಳಗೆ ನಾಲ್ಕು ಅಂಕಿ: 2223. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. 2023ರ 22ನೇ ವಾರ, ಅಂದರೆ ಜೂನ್ ಆಸುಪಾಸು. ಹತ್ತು ತಿಂಗಳು ನಿಂತ ಗಾಡಿಯನ್ನ ಹೊಸ ಸ್ಟಾಕ್ ಅಂತ ಕೊಟ್ಟಿದ್ದರು. ಆರ್‌ಸಿ ಬಂದಾಗ ತಯಾರಾದ ತಿಂಗಳೂ ಹಾಗೇ ಇತ್ತು. ಹಳೇ ಸ್ಟಾಕ್ ತಗೊಂಡರೆ ಪಾಪ ಏನಿಲ್ಲ, ಆದರೆ ಅದಕ್ಕೆ ಬೆಲೆ ಇಳಿಸಬೇಕಲ್ಲ. ದುಡ್ಡು ಪೂರ್ತಿ ಕಟ್ಟುವ ಮೊದಲು, ನಂಬರ್ ಬೀಳುವ ಮೊದಲು, ನಿಮಗೆ ಕೊಡುವ ಅದೇ ಗಾಡಿಯ ಟಯರ್ ನೋಡಿ. ಚಾಸಿ ನಂಬರ್ ಬರೆದುಕೊಂಡು ಬನ್ನಿ.

ಹಾಗಾದರೆ ಯಾವುದು ತಗೊಳ್ಳೋದು ಅಂತ ಕೇಳ್ತೀರಿ. ನನ್ನ ಗಾಡಿ ಇವೆರಡೂ ಅಲ್ಲ, ಹೋಲಿಕೆಗೆ ಮಾತ್ರ ಹೇಳ್ತೀನಿ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆಜಿ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಆದರೆ 196 ಕೆಜಿ. ಸೀಟು ಎರಡರದ್ದೂ 825 ಮಿ.ಮೀ. ಮುಂದಿನ ಚಕ್ರ ಎರಡಕ್ಕೂ 21 ಇಂಚು, ಗುಂಡಿ, ಕಲ್ಲು ಸಲೀಸಾಗಿ ಹತ್ತುತ್ತೆ. ಹೈವೇಯಲ್ಲಿ ದಿನಕ್ಕೆ ನಾನೂರು ಕಿಲೋಮೀಟರ್ ಹೋಗುವವರಿಗೆ ದೊಡ್ಡದು ಸರಿ. ಕೊರಟಗೆರೆ ಬಂಡಿಜಾಡಿಗೆ ಆ 36 ಕೆಜಿ ವ್ಯತ್ಯಾಸವೇ ಎಲ್ಲಾ. ಮುಕ್ಕಾಲು ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಡಿಮೆ ಅಷ್ಟೇ ಅನ್ನಬಹುದು. ಹೊತ್ತು ನೋಡಿ ಹೇಳಿ. ಈಗ ತೆರಿಗೆಯೂ ಸಣ್ಣ ಎಂಜಿನ್ ಕಡೆಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ 18%, ಅದು ದಾಟಿದರೆ 40%.

ಮಣ್ಣುದಾರಿಗೆ ಅಂತಲೇ ಮಾಡಿದ ಪೂರ್ತಿ ಡರ್ಟ್ ಬೈಕ್ ಮೇಲೆ ಆಸೆ ಇರುವವರು ಆರ್‌ಟಿಒ ರಿಜಿಸ್ಟ್ರೇಷನ್ ಆಗುತ್ತಾ ಅಂತ ಮೊದಲು ಕೇಳಿ. ಕೆಲವಕ್ಕೆ ಆಗಲ್ಲ, ಊರ ರಸ್ತೆಯಲ್ಲೂ ಓಡಿಸುವಂತಿಲ್ಲ. ಯಾವ ಗಾಡಿ ಆದರೂ ದೇವರಾಯನದುರ್ಗದ ಕಾಡೊಳಗೆ ನುಗ್ಗಿಸಬೇಡಿ. ಮೀಸಲು ಅರಣ್ಯ, ಕೇಸು ಹಾಕ್ತಾರೆ. ಚಿರತೆ, ಕರಡಿ ಬೇರೆ ಇವೆ.

ನವೆಂಬರ್‌ನಲ್ಲಿ ಗಾಡಿ ನೋಡೋಕೆ ತಿಪಟೂರಿನಿಂದ ಹುಡುಗನೊಬ್ಬ ಬಂದ. ಆರಡಿ ಮೇಲಿದ್ದ. ಕೂತ, ಎರಡೂ ಹಿಮ್ಮಡಿ ಆರಾಮಾಗಿ ನೆಲಕ್ಕೆ ಊರಿದ. ನನಗೆ ಹೊಟ್ಟೆ ಉರಿಯಿತು. "ಅಣ್ಣಾ, ಇಷ್ಟು ಚೆನ್ನಾಗಿದೆ, ಯಾಕೆ ಮಾರ್ತಿದ್ದೀರ?" ಅಂದ. ಹೊಳೆಯಲ್ಲಿ ಬಿದ್ದದ್ದು, ಟಯರಿನ ತಾರೀಕು, ಎಂಜಿನ್ ತಳದ ರಿಪೇರಿ, ಎಲ್ಲಾ ಹೇಳಿದೆ. "ಕೆಳಗಿನ ಆ ತಟ್ಟೆ ಮತ್ತೆ ಪ್ಲಾಸ್ಟಿಕ್ಕೇ ಹಾಕಿದ್ದಾರೆ, ಮೊದಲು ಅದನ್ನ ಬದಲಾಯಿಸು" ಅಂದೆ. ಅವನು ಬಗ್ಗಿ ಬೆರಳಿಂದ ಎರಡು ಸಲ ತಟ್ಟಿ ನೋಡಿದ. ಎದ್ದು ನಿಂತು, ಹಾಗಾದರೆ ಇನ್ನೊಂದು ಐದು ಸಾವಿರ ಕಮ್ಮಿ ಮಾಡಿ ಅಂದ. ಮಾಡಿದೆ.